ಜಮಖಾನದ ಮೇಲೆ ಒಂದು ಮೊಳ ಜಾಗ

ನಾನು ಜರುಗಲಿಲ್ಲ. ನನ್ನ ತಪ್ಪು ಇಷ್ಟೇ. ಕೇಳಿದವರು ಇದೂ ಒಂದು ತಪ್ಪೇ ಅನ್ನಬಹುದು.

ಅವ್ವನನ್ನು ಮಣ್ಣು ಮಾಡಿದ ಮೇಲಿನ ಭಾನುವಾರ ನಮ್ಮೂರ ದೇವಾಲಯದಲ್ಲಿ ಅವಳ ನೆನಪಿಗೆ ಆರಾಧನೆ ಇಟ್ಟುಕೊಂಡಿದ್ದೆವು. ನಮ್ಮಲ್ಲಿ ಬೆಂಚು ಇಲ್ಲ, ಕುರ್ಚಿ ಇಲ್ಲ. ನೆಲಕ್ಕೆ ಎರಡು ಜಮಖಾನ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ನಡುವೆ ಪಾಸ್ಟರು ಬಂದು ಹೋಗಲು ಬರಿ ನೆಲದ ದಾರಿ. ದೇವಾಲಯ ಗುಡಿಸಿ ಹಾಸುವ ಕೆಲಸ ನನ್ನದೇ. ಹಾಗಾಗಿ ಜಮಖಾನದ ಯಾವ ಮೂಲೆಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅನ್ನುವುದು ಕಣ್ಣು ಮುಚ್ಚಿದರೂ ನನಗೆ ಗೊತ್ತು.

ಮೊದಲನೇ ಕೀರ್ತನೆ ಮುಗಿಯುವಾಗ ಬಾಗಿಲಲ್ಲಿ ಬಿಳಿ ಸೀರೆ ಉಟ್ಟ ಒಬ್ಬಳು ಬಂದು ನಿಂತಳು. ಅದು ನಮ್ಮ ಸಾಮು. ಸಾಮುವೇಲ, ನನ್ನ ಬೆನ್ನಿಗೆ ಹುಟ್ಟಿದ ತಮ್ಮ. ಸೇಲಂಗೆ ಕೆಲಸಕ್ಕೆ ಹೋದವನು ಅಲ್ಲಿ ಹೆಂಗಸಾಗಿ ಬದುಕುತ್ತಿದ್ದಾನೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸುದ್ದಿ ಸುಳ್ಳಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಸುಳ್ಳಾಗಿರಲಿಲ್ಲ. ಅವಳು ತಲೆಯ ಮೇಲೆ ಸೆರಗು ಹೊದ್ದು ನೇರವಾಗಿ ನಾನು ಕೂತ ಅಂಚಿಗೆ ಬಂದು ನನ್ನ ಮುಖ ನೋಡಿದಳು. ನನ್ನ ಪಕ್ಕದಲ್ಲಿ ಒಂದು ಮೊಳ ಜಾಗವಿತ್ತು. ತುಸು ಜರುಗಿದ್ದರೆ ಆರಾಮವಾಗಿ ಕೂರಬಹುದಿತ್ತು. ಆಚೆ ಪಕ್ಕ ಕೂತಿದ್ದ ಚಿಕ್ಕಮ್ಮ ನನ್ನ ತೊಡೆ ಚಿವುಟಿದಳು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕಣ್ಣು ಮುಚ್ಚಿದೆ. ನೋಡಿದವರು ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು.

ಆರಾಧನೆ ಮುಗಿಯುವವರೆಗೆ ಅವಳು ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು. ಆಮೇಲೆ ಇರಲಿಲ್ಲ.

ಅದಾಗಿ ಕೆಲವು ವರ್ಷ ಮಾತಿಲ್ಲ ಕಥೆಯಿಲ್ಲ. ಈ ವರ್ಷ ಬೇಸಿಗೆಯ ಹೊತ್ತಿಗೆ ಫೋನು ಬಂತು.

“ಅಕ್ಕಾ, ನಾನು. ಒಂದ್ ಭಾನುವಾರ ಬಾ. ನಮ್ ಸಬೆಲಿ ನನ್ ಪಕ್ಕ ಕುಂತ್ಕೊ. ಬ್ಯಾರೆ ಏನೂ ಮಾಡ್ಬ್ಯಾಡ.”

“ನಾನ್ ಕುಂತ್ಕಂಡ್ರೆ ಏನಾಯ್ತದೆ?”

“ಬಾ. ಬಂದ್ಮೇಲೆ ಯೋಳ್ತೀನಿ.”

ಹೋಗಿ ಬಂದೆ. ನಮ್ಮ ಹೆಂಗಸರ ಕೂಟದವರು ಏನು ನೋಡಿದೆ ಹೇಳು ಎಂದು ದಿನಾ ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ನಡುವೆ ನಿಂತುಬಿಡುತ್ತೇನೆ. ಅದಕ್ಕೇ ಬರೆದಿದ್ದೇನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಡದ್ದನ್ನು ಕಂಡ ಹಾಗೆ ಓದಿಕೊಳ್ಳಿ.

ಹೊಗೆನಕಲ್

ನಮ್ಮವ್ವನ ಲೆಕ್ಕದಲ್ಲಿ ಹೊಳೆಯ ಆಚೆ ಇದ್ದದ್ದೆಲ್ಲ ಪರದೇಶ. ದುಬೈಗೆ ಹೋದವನೂ ಒಂದೇ, ಧರ್ಮಪುರಿಗೆ ಹೋದವನೂ ಒಂದೇ. ನಾನು ಪರದೇಶಕ್ಕೆ ಹೋದದ್ದು ತೆಪ್ಪದಲ್ಲಿ. ಅಲ್ಲಿ ಅದನ್ನು ಪರಿಸಲು ಅನ್ನುತ್ತಾರೆ.

ಅಂಬಿಗನಿಗೆ ಎರಡೂ ಭಾಷೆ ಬರುತ್ತಿತ್ತು. ತೆಪ್ಪದಲ್ಲಿ ನನ್ನ ಜೊತೆ ಜಲಪಾತ ನೋಡಲು ಬಂದ ಹುಡುಗರು ಇದ್ದರು. ಅವರ ಖುಷಿಗೆಂದು ಅವನು ಹೊಳೆಯ ನಡುವೆ ತೆಪ್ಪವನ್ನು ಗಿರಗಿರ ತಿರುಗಿಸಿದ. ನಾನು ರಾಗಿ ಹಿಟ್ಟಿನ ಚೀಲ ತಬ್ಬಿಕೊಂಡು “ಸಾಕು ಕಣಪ್ಪೋ” ಎಂದು ಕೂಗಿದೆ.

“ಇಳಿಸ್ಬುಡ್ಲಾ ಅಕ್ಕಾ?” ಅಂದ ನಗುತ್ತಾ.

“ಇಲ್ಲೇ?”

“ಮತ್ತೆ ಸಾಕು ಅಂದ್ರಲ್ಲ!”

ತಿರುಗುವುದು ನಿಂತ ಮೇಲೆ ಯಾವ ದಡ ನಮ್ಮದು, ಯಾವುದು ಅವರದು ತಿಳಿಯಲಿಲ್ಲ. ಎರಡು ಕಡೆಯೂ ಅದೇ ಕಪ್ಪು ಬಂಡೆ, ಅದೇ ಹೊಗೆಯಂಥ ನೀರು. ನಾನು ಕೈ ತೋರಿಸಿ ಅದೇ ತಾನೆ ತಮಿಳುನಾಡು ಎಂದು ಕೇಳಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ತೋರಿಸಿದ್ದು ಬಂದ ದಾರಿಯನ್ನೇ.

ದಡದಲ್ಲಿ ಮೀನು ಹುರಿಯುವ ಅಂಗಡಿಗಳ ಸಾಲು. ಖಾರ ಹಚ್ಚಿದ ಮೀನನ್ನು ತಟ್ಟೆಯಲ್ಲಿ ಪೇರಿಸಿ ಬಾ ಬಾ ಎಂದು ಸೆರಗು ಹಿಡಿದು ಎಳೆಯುತ್ತಾರೆ. ನಮ್ಮೂರಲ್ಲಿ ಅಂಗಡಿಯವನು ಕರೆದರೆ ಮಾಲು ಹಳಸಿದೆ ಎಂದು ಅರ್ಥ. ಇಲ್ಲಿ ಕರೆಯದಿದ್ದರೆ ಅವಮಾನ. ಇನ್ನೊಂದು ಕಡೆ ದೊಡ್ಡ ಹೊಟ್ಟೆಯ ಗಂಡಸರು ಚಡ್ಡಿಯಲ್ಲಿ ಬಂಡೆಯ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಪರ ಗಂಡಸಿನ ಕೈಲಿ ಹಾಡುಹಗಲೇ ಮೈ ತಿಕ್ಕಿಸಿಕೊಳ್ಳುವುದಕ್ಕೆ ಯಾರಿಗೂ ನಾಚಿಕೆ ಇರಲಿಲ್ಲ. ನಾಚಿಕೊಂಡವಳು ನಾನೊಬ್ಬಳೇ. ಯಾವುದಕ್ಕೆ ನಾಚಬೇಕು, ಯಾವುದಕ್ಕೆ ನಾಚಬಾರದು ಅನ್ನುವುದನ್ನು ಊರೂರಿಗೆ ಬೇರೆ ಬೇರೆ ಹೇಳಿಕೊಟ್ಟವರು ಯಾರೋ.

ರಾಗಿ ಹಿಟ್ಟಿನ ಚೀಲದ ತಳ ಒದ್ದೆಯಾಗಿತ್ತು.

ಪೆನ್ನಾಗರಂ

ಪೆನ್ನಾಗರಂ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಕುರಿಮರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೇಲಂ ಬಸ್ಸು ಇನ್ನೂ ಬರಲಿಲ್ಲವಲ್ಲ ಎಂದು ನಾನು ಒಬ್ಬಳೇ ಗೊಣಗಿದ್ದನ್ನು ಕೇಳಿ ತಿರುಗಿದಳು.

“ಕನ್ನಡದೋಳಾ ನೀನು? ಯಾವೂರವ್ವ?”

“ವೊಳೆ ಆಚೆ.”

“ನಾವೂ ಕನ್ನಡದೋರೇ ಕಣಮ್ಮಿ. ನಮ್ ಅಟ್ಟಿ ತುಂಬಾ ಕನ್ನಡವೇ. ಈ ನನ್ ಮೊಮ್ಮಗ ಐತಲ್ಲ, ನಾನ್ ಕನ್ನಡದಲ್ ಬೈದ್ರೆ ಇವ್ನು ತಮಿಳ್ನಲ್ ತಿರುಗ್ ಬೈತಾನೆ. ಬೈಯೋದ್ ಚೆಂದಾಗ್ ಅರ್ತ ಆಯ್ತದೆ ಇಬ್ರಿಗೂ.”

ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ಮೊಮ್ಮಗ ತಲೆಯೆತ್ತದೆ “ಪೋ ಪಾಟಿ” ಅಂದ, ಹೋಗಜ್ಜಿ ಎಂದು. ನೋಡಿದೆಯಾ ಅನ್ನುವಂತೆ ಮುದುಕಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು.

“ಸೇಲಮ್ನಾಗೆ ಯಾರವ್ರೆ ನಿಂಗೆ?”

ಇದು ದಾರಿಯಲ್ಲಿ ಯಾರಾದರೂ ಕೇಳುವ ಮಾತು. ತಮ್ಮ ಅನ್ನಲೋ, ತಂಗಿ ಅನ್ನಲೋ. ತಮ್ಮ ಅಂದರೆ ಹೆಂಡತಿ ಮಕ್ಕಳು ಎಷ್ಟು ಎಂದು ಕೇಳುತ್ತಾಳೆ. ತಂಗಿ ಅಂದರೆ ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುತ್ತಾಳೆ.

“ಯಾರೋ ಗೊತ್ತಿರೋರು,” ಅಂದೆ.

ಮುದುಕಿ ಕುರಿಮರಿಯ ಕಿವಿ ಸವರಿದಳು. ಅವಳ ಬಸ್ಸು ಮೊದಲು ಬಂತು. ಕಂಡಕ್ಟರು ಕುರಿಮರಿಯನ್ನು ಹತ್ತಿಸುವುದಿಲ್ಲ ಎಂದ. ಅವಳು ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿ, “ಇದು ನನ್ ಮಗ, ಟಿಕೆಟ್ ಕೊಡು” ಎಂದು ತಮಿಳಿನಲ್ಲಿ ಗದರಿಸಿ ಹತ್ತಿಬಿಟ್ಟಳು. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ನಗು ಬತ್ತಿತು. ಅವಳು ಕುರಿಯನ್ನೂ ತನ್ನ ಮಗ ಅಂದಳು.

ಸೇಲಂ

ಸೇಲಂನಲ್ಲಿ ಬಸ್ ನಿಲ್ದಾಣ ಎರಡು, ಹೊಸತು ಮತ್ತು ಹಳೆಯದು. ಟೌನ್ ಬಸ್ಸಿನಲ್ಲಿ ನಾನು ಎರಡನ್ನೂ ದಾಟಿ ಊರ ಹೊರಗೆ ಎಲ್ಲೋ ಇಳಿದೆ. ಎದುರಿಗೆ ಬೆಳ್ಳಗೆ ಹೊಳೆಯುವ ದೊಡ್ಡ ಬಯಲು. ಸಿಮೆಂಟು ನೆಲಕ್ಕೆ ಸುಣ್ಣ ಬಳಿದಿದ್ದಾರೆ ಅಂದುಕೊಂಡು ಅಡ್ಡ ದಾಟಲು ಹೊರಟೆ. ಕಾಲು ಜಾರಿತು. ಅದು ಸಬ್ಬಕ್ಕಿ! ಮಿಲ್ಲಿನವರು ಬಿಸಿಲಿಗೆ ಒಣಗಲು ಹರವಿದ್ದ ಸಬ್ಬಕ್ಕಿಯ ನಟ್ಟನಡುವೆ ನಾನು ಚಪ್ಪಲಿ ಕಾಲಲ್ಲಿ ನಿಂತಿದ್ದೆ. ಹೆಂಗಸರು ಸಬ್ಬಕ್ಕಿ ಹರವುವ ಹಲುಬೆ ಎತ್ತಿ ಕೂಗುತ್ತಾ ಓಡಿ ಬಂದರು. ಮುಂದೆ ಹೋಗಲು ಹೆದರಿಕೆ, ಹಿಂದೆ ಹೋಗಲು ಹೆದರಿಕೆ. ಎಲ್ಲಿ ಕಾಲಿಟ್ಟರೂ ಇನ್ನೊಂದಿಷ್ಟು ಹಾಳು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮೀಸೆ ಬಂದ ಮಗಳಿರುವ ವಯಸ್ಸಿನಲ್ಲಿ ಅಲ್ಲೇ ಅಳಲು ಶುರು ಮಾಡಿದೆ. ಮಗಳಿಗೆ ಮೀಸೆಯಾ ಎಂದು ನಗಬೇಡಿ. ನಮ್ಮವ್ವ ಹಾಗೆ ಹೇಳುತ್ತಿದ್ದಳು.

ಅವರಲ್ಲೊಬ್ಬಳು ನನ್ನ ಫೋನು ತೆಗೆದುಕೊಂಡು ಕೊನೆಯ ನಂಬರಿಗೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಹನ್ನ ಬಂದಳು.

ಹನ್ನ ಅಂದರೆ ನಮ್ಮ ಸಾಮು. ಇಲ್ಲಿಂದ ಮುಂದೆ ಹನ್ನ ಎಂದೇ ಬರೆಯುತ್ತೇನೆ. ಮಿಲ್ಲಿನ ಹೆಂಗಸರಿಗೆ ಅವಳು ಏನೇನೋ ಹೇಳಿ ಕೈ ಮುಗಿದಳು. ಅವರು ನನ್ನನ್ನು ನೋಡಿ ನಕ್ಕು ಬಿಟ್ಟುಬಿಟ್ಟರು.

“ಏನಂದೆ ಅವ್ರಿಗೆ?”

“ನಮ್ ಅಕ್ಕ, ಹಳ್ಳಿಯೋಳು, ಕಣ್ ಸೊಲ್ಪ ಮಂಜು ಅಂದೆ. ಕುಂತ್ಕೊ ಹಿಂದೆ.”

ಅವಳು ಹಿಡಿದದ್ದು ಒಂದೇ ಕೋಣೆಯ ಮನೆ. ಕೆಲಸ ಬೆಳ್ಳಿ ಕಾಲ್ಗೆಜ್ಜೆಯದು. ಅಲ್ಲಿ ಕೊಲುಸು ಅನ್ನುತ್ತಾರೆ. ಕಿಟಕಿಯ ಕೆಳಗೆ ಕೂತು ಕೊಂಡಿ ಕೊಂಡಿ ಬೆಸುಗೆ ಹಾಕುತ್ತಾಳೆ. ಒದ್ದೆ ರಾಗಿ ಹಿಟ್ಟನ್ನು ಪಂಚೆಯ ಮೇಲೆ ಹರವಿ, ಒಳ್ಳೆಯದನ್ನು ಜರಡಿ ಹಿಡಿದು ಮುದ್ದೆ ತಿರುವಿದಳು. ತಿರುವುವ ಕೈ ಅವ್ವನದೇ. ನಾನು ಗೋಡೆ ನೋಡುತ್ತಾ ಉಂಡೆ.

“ಹನ್ನ ಅಂತ ಯಾಕಿಟ್ಕಂಡೆ?” ಎಂದು ಕೇಳಿದೆ. ಕೇಳಬೇಕಾದ ಬೇರೆ ಎಷ್ಟೋ ಇದ್ದವು.

“ಬೈಬಲ್ನಾಗೆ ಸಾಮುವೇಲನ್ ತಾಯಿ ಯಾರು?”

“ಹನ್ನ.”

“ಮತ್ತೆ? ಸಾಮುವೇಲನ್ನ ಒತ್ಕಂಡ್ ತಿರುಗ್ದೋಳು ನಾನೇ ಅಲ್ವಾ ಅಕ್ಕಾ, ಇಷ್ಟ್ ವರ್ಷ.”

ನನಗೆ ಅರ್ಥವಾಯಿತೋ ಇಲ್ಲವೋ ಈಗಲೂ ಹೇಳಲಾರೆ. ಅವಳಂಥವರಿಗೆ ಅಲ್ಲಿ ತಿರುನಂಗೈ ಎಂಬ ಮಾತಿದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಗೌರವವಾಗಿಯೇ ಆಡುತ್ತಾರೆ. ನಮ್ಮೂರಲ್ಲಿ ಆಡುವ ಮಾತನ್ನು ನಾನು ಬರೆಯಲಾರೆ. ನಾನೂ ಆಡಿದ್ದೇನೆ.

ಆಮೇಲೆ ಅವಳು ನನ್ನನ್ನು ಕರೆಸಿದ ಕಾರಣ ಹೇಳಿದಳು. ಅವಳು ಹೋಗುವ ಸಭೆಯಲ್ಲಿ ಅವಳಿಗೆ ಸೆರಗು ಹೊದ್ದು ಬಾಗಿಲ ಹೊರಗೆ ಕೂರಲು ಯಾರೂ ಅಡ್ಡಿ ಮಾಡಿರಲಿಲ್ಲ. ಒಳಗೆ ಸದಸ್ಯಳಾಗಿ, ಎಲ್ಲರಂತೆ ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳುತ್ತೇನೆ ಎಂದಾಗ ಜಗಳ ಶುರುವಾಯಿತು. ಗಂಡಸರು ನಮ್ಮ ಕಡೆ ಬೇಡ ಅಂದರು, ಹೆಂಗಸರು ನಮ್ಮ ಕಡೆ ಬೇಡ ಅಂದರು. ಪಾಸ್ಟರು ಒಪ್ಪಿದರೂ ಕಮಿಟಿ ಒಪ್ಪಲಿಲ್ಲ. ಹಿರಿಯ ಸೆಲ್ವರಾಜ್ ಎಲ್ಲರ ಎದುರು ಒಂದು ಮಾತು ಅಂದಿದ್ದರಂತೆ: ಒಡಹುಟ್ಟಿದವಳೇ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ನಮ್ಮ ಹೆಂಗಸರು ಯಾಕೆ ಕೂರಿಸಿಕೊಳ್ಳಬೇಕು? ಅವಳ ಅಕ್ಕ ಬಂದು ಕೂತು ತೋರಿಸಲಿ, ಆವತ್ತೇ ನಾನು ಬಾಯಿ ಮುಚ್ಚುತ್ತೇನೆ.

“ಅವ್ರಿಗೆಂಗ್ ಗೊತ್ತು ನಾನು...” ಎಂದೆ.

“ನಾನೇ ಯೋಳಿದ್ದೆ. ಯಾಕ್ ಊರ್ಗೆ ಓಗಲ್ಲ ಅಂತ ಕೇಳಿದ್ರು, ಯೋಳ್ದೆ.” ಹನ್ನ ತಟ್ಟೆ ತೊಳೆಯಲು ಎದ್ದಳು. “ಸುಳ್ ಯೋಳಕ್ಕಾಗುತ್ತಾ ಸಬೆಲಿ.”

ನಾನು ಮಾಡಿದ್ದು ಒಂದು ದಿನದ ತಪ್ಪು ಅಂದುಕೊಂಡಿದ್ದೆ. ಅದು ನನಗಿಂತ ಮೊದಲೇ ಹೊಳೆ ದಾಟಿ ಬಂದು ಇಲ್ಲಿ ಇವಳ ದಾರಿಗೆ ಅಡ್ಡ ಕೂತಿತ್ತು.

“ಬೇರೆ ಸಬೆ ಇಲ್ವಾ? ಇಲ್ಲೇ ಯಾಕೆ ಇವ್ರ ಕಾಲ್ ಕಟ್ಬೇಕು?”

“ಬೇರೆ ಕೂಟ ಮಾಡ್ಕೊಡ್ತೀವಿ, ನಿಮ್ಮಂತೋರು ಮಂಗಳವಾರ ಬನ್ನಿ ಅಂದ್ರು. ನಂಗೆ ಮಂಗಳವಾರದ್ ದೇವ್ರು ಬ್ಯಾಡ ಅಕ್ಕಾ. ಭಾನುವಾರದ್ ದೇವ್ರೇ ಬೇಕು.”

ಶನಿವಾರ, ಮನೆಯಿಂದ ಮನೆಗೆ

ಹನ್ನಳ ಜೊತೆ ಈ ಕೆಲಸಕ್ಕೆ ನಿಂತವರಲ್ಲಿ ಮೊದಲನೆಯವರು ರಾಹೇಲಮ್ಮ. ಪೆನ್ನಾಗರಂ ಕಡೆಯ ಕನ್ನಡದವರು, ಸಬ್ಬಕ್ಕಿ ಮಿಲ್ಲಿನಲ್ಲಿ ದುಡಿದು ಮುದುಕಿಯಾದವರು. ನನ್ನ ಸಬ್ಬಕ್ಕಿ ಕಥೆ ಅಷ್ಟರಲ್ಲೇ ಅವರ ಕಿವಿ ಮುಟ್ಟಿತ್ತು.

“ಬಾರವ್ವ ಮಾರ್ತಾ, ನೀನೇನಾ ನಮ್ ಮಿಲ್ಲಿನ್ ಮೇಲೆ ಮೆರವಣಿಗೆ ಓದೋಳು? ಇವತ್ ಪಾಯಸ ತಿನ್ನೋರ್ ಬಾಯಿಗೆಲ್ಲ ನಿನ್ ಪಾದಧೂಳಿ.”

ಅವರು ಕೆಲಸ ಮಾಡುವ ರೀತಿ ವಿಚಿತ್ರ. ಮೀಟಿಂಗು, ಭಾಷಣ ಯಾವುದೂ ಇಲ್ಲ. ಸಭೆಯ ಒಂದೊಂದೇ ಮನೆಗೆ ಹೋಗಿ, ಕೂತು, ಕಾಫಿ ಕುಡಿದು, ಮಕ್ಕಳ ಮದುವೆ ವಿಚಾರ ಮಾತಾಡಿ, ಏಳುವಾಗ ಮಾತ್ರ ವಿಷಯ ತೆಗೆಯುವುದು. ಕಾಫಿ ಕುಡಿಸಿದ ಮೇಲೆ ಒರಟಾಗಿ ಮಾತಾಡಲು ಯಾರಿಗೂ ಮನಸ್ಸು ಬರುವುದಿಲ್ಲ ಎನ್ನುವುದು ರಾಹೇಲಮ್ಮನ ನಂಬಿಕೆ. ಕೆಲವು ಮನೆಗೆ ಒಂದು ವರ್ಷದಿಂದ ಹೋಗುತ್ತಿದ್ದರಂತೆ. ಬಿಸಿಲಲ್ಲಿ ಅಷ್ಟು ಕಾಫಿ ಕುಡಿದು ನನ್ನ ಹೊಟ್ಟೆ ಗುಡುಗುಡು ಅನ್ನುತ್ತಿತ್ತು.

ಮಾತೆಲ್ಲ ತಮಿಳು. ನನಗೆ ಅಲ್ಲೊಂದು ಇಲ್ಲೊಂದು ತಿಳಿಯುತ್ತಿತ್ತು. ಪ್ರತಿ ಮನೆಯಲ್ಲೂ ಏಳುವಾಗ ರಾಹೇಲಮ್ಮ ಎರಡು ಅಂಗೈಯನ್ನು ಅಂಚಿಗೆ ಅಂಚು ತಾಗಿಸಿ ಚಪ್ಪಟೆಯಾಗಿ ಮುಂದೆ ಹಿಡಿದು ಏನೋ ಕೇಳುತ್ತಿದ್ದರು. ಕೆಲವರು ಹೂಂ ಅನ್ನುವರು, ಕೆಲವರು ತುಟಿ ಕಚ್ಚುವರು. ತೆರೆದ ಬೈಬಲಿನ ಗುರುತು ಇರಬೇಕು, ಅಲ್ಲಿನವರು ಹೀಗೆ ಬೀಳ್ಕೊಡುತ್ತಾರೆ ಅಂದುಕೊಂಡು ನಾನೂ ಅಂಗೈ ಜೋಡಿಸಿ ತಲೆಬಾಗಿದೆ. ಒಂದು ಮನೆಯ ಯಜಮಾನಿ ನನ್ನ ಅಂಗೈ ನೋಡಿ ಕಣ್ಣೀರು ಹಾಕಿಕೊಂಡಳು. ಯಾಕೆಂದು ಕೇಳಲು ಭಾಷೆ ಇರಲಿಲ್ಲ.

ಡೇವಿಡ್ ಮತ್ತು ಮಣಿ ಎಂಬ ಇಬ್ಬರ ಮನೆಗೂ ಹೋದೆವು. ಹೂವಿನ ವ್ಯಾಪಾರ. ಗಂಡ ಹೆಂಡಿರಂತೆ ಒಂದೇ ಮನೆ ಮಾಡಿಕೊಂಡಿದ್ದಾರೆ ಎಂದು ಹನ್ನ ಮೊದಲೇ ಹೇಳಿದ್ದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಮಲ್ಲಿಗೆ ಕಟ್ಟುವ ಅವರ ಕೈ ನೋಡುತ್ತಾ ಕೂತೆ. ಡೇವಿಡನಿಗೆ ಮುರುಕು ಕನ್ನಡ ಬರುತ್ತಿತ್ತು.

“ನಮ್ಗೆ ಕಷ್ಟ ಇಲ್ಲೆ ಅಕ್ಕಾ. ನಾವು ಎರಡು ಪೇರೂ ಗಂಡಸ್ರು ಕಡೆ, ಪಕ್ಕ ಪಕ್ಕ. ಊರಲ್ಲಿ ಬೇರೆ ಗಂಡ ಎಂಡ್ತಿ ಎಲ್ಲ ಬೇರೆ ಬೇರೆ ಕೂರ್ತಾರೆ, ನಾವ್ ಮಾತ್ರ ಜೋಡಿ!”

ಎಲ್ಲರೂ ನಕ್ಕರು. ಮಣಿ ನಗಲಿಲ್ಲ. ತಮಿಳಿನಲ್ಲಿ ಮೆಲ್ಲಗೆ ಏನೋ ಅಂದ. ಹೊಸ ಮನೆಗೆ ಬಂದಾಗ ಪ್ರಾರ್ಥನೆ ಮಾಡಿಕೊಡಲು ಸಭೆಯಿಂದ ಒಬ್ಬರೂ ಬರಲಿಲ್ಲ, ಅದನ್ನೂ ಹೇಳು ಎಂದನಂತೆ.

ಕೊನೆಗೆ ಸೆಲ್ವರಾಜ್ ಅವರ ಮನೆ. ಕೆಟ್ಟವರು ಅಂದುಕೊಂಡು ಹೋಗಿದ್ದೆ. ನನ್ನನ್ನು ಕಂಡು ಎದ್ದು ನಿಂತರು, ಫ್ಯಾನು ನನ್ನ ಕಡೆ ತಿರುಗಿಸಿದರು, ಹೊಳೆಯಲ್ಲಿ ನೀರು ಎಷ್ಟಿದೆ ಎಂದು ಕೇಳಿದರು. ಮದುವೆಗೆ ಬಂದ ಮಗಳನ್ನು ಕರೆದು ಅವಳ ಕಾಲ ಕೊಲುಸು ತೋರಿಸಿ, ಹನ್ನಳ ಬೆಸುಗೆ ಅಂದರೆ ಕೊಂಡಿ ಎಲ್ಲಿ ಸೇರಿದೆ ಅಂತಲೇ ಕಾಣುವುದಿಲ್ಲ ಎಂದು ಹೊಗಳಿದರು. ಏಳುವಾಗ ನನ್ನತ್ತ ತಿರುಗಿ ನಿಧಾನವಾಗಿ, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಕೇಳಿದರು:

“ನಾಳೈಕ್ಕಿ... ಉಕ್ಕಾರುವೀಂಗಳಾ?” ನಾಳೆ ಕೂರುತ್ತೀರಾ?

ಹೂಂ ಅಂದೆ.

ಬೀದಿಗೆ ಬಂದ ಮೇಲೆ ರಾಹೇಲಮ್ಮ ಎಲೆಅಡಿಕೆ ಉಗಿದರು. “ಮಗಳ ಕಾಲ್ಗೆ ಹನ್ನ ಮಾಡಿದ್ ಕೊಲುಸು ಬೇಕು. ಎಂಡ್ತಿ ಪಕ್ಕದಾಗೆ ಹನ್ನ ಬ್ಯಾಡ.”

“ನಿಮಗ್ಯಾಕಮ್ಮ ಈ ವಯಸ್ನಾಗೆ ಇಷ್ಟ್ ಒದ್ದಾಟ?” ಎಂದು ಕೇಳಿಬಿಟ್ಟೆ.

ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. “ನನ್ ಮಗ ಇನ್ನೊಬ್ಬ ಗಂಡ್ಸಿನ್ ಜೊತೆ ಇರ್ತೀನಂದ. ಸಬೆಯೋರ್ ಮಾತ್ ಕೇಳಿ ಬಾಗ್ಲಾಕ್ದೆ. ಎಲ್ಲವ್ನೋ. ಒಂದಿನ ಬಂದ್ರೆ ಬಾಗ್ಲು ತೆಗ್ದಿರ್ಬೇಕಲ್ವಾ? ನನ್ ಮನೇದು ತೆಗ್ದಿವ್ನಿ. ಸಬೇದು ಇನ್ನೂ ಅಗುಳಿ ಬಿಗಿ ಐತೆ.”

ಮಲಗುವ ಮುಂಚೆ ಹನ್ನಳನ್ನು ಆ ಅಂಗೈ ಗುರುತು ಏನೆಂದು ಕೇಳಿದೆ. ಅವಳು ನಕ್ಕಳು. “ನಾಳೆ ಒಳಗ್ ಬಂದಾಗ ನೀನೇ ನೋಡು. ಜಮಖಾನ ಆಸೋಳು ನೀನು, ನಿಂಗೆ ಯೋಳ್ಕೊಡ್ಬೇಕಾ?” ಅವಳು ಹಾಗೆ ನಕ್ಕದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದು. ನಾನು ಇನ್ನೊಮ್ಮೆ ಕೇಳಲಿಲ್ಲ. ಕೇಳಬೇಕಿತ್ತು.

ಭಾನುವಾರ

ನನಗೆ ಭಾನುವಾರ ಬೆಳಿಗ್ಗೆ ಸುಮ್ಮನೆ ಕೂರಲು ಬರುವುದಿಲ್ಲ. ಹನ್ನ ಸೀರೆ ಇಸ್ತ್ರಿ ಮಾಡುತ್ತಿದ್ದಳು. ನಾನು ದೇವಾಲಯ ನೋಡಿ ಬರುತ್ತೇನೆ ಎಂದು ಬೀದಿಯ ತುದಿಗೆ ನಡೆದೆ.

ಒಳಗೆ ದೇವಾಲಯ ನೋಡಿಕೊಳ್ಳುವ ಮುದುಕ ಯೇಸುಡಿಯಾನ್ ದಪ್ಪನೆಯ ಜಮಖಾನದ ಸುರುಳಿಯನ್ನು ಮೊಣಕಾಲಿನಿಂದ ತಳ್ಳುತ್ತಾ ಮುಲುಕುತ್ತಿದ್ದ. ನೋಡಿ ಸಂಕಟವಾಯಿತು. ಅವನ ಕೈಯಿಂದ ತೆಗೆದುಕೊಂಡೆ. ನಾನು ಹನ್ನಳ ಅಕ್ಕ ಎಂದು ತಿಳಿದು ಅವನ ಮುಖ ಅರಳಿತು. ಅವನೂ ಎರಡು ಅಂಗೈ ಜೋಡಿಸಿ ತೋರಿಸಿದ. ನಾನೂ ಜೋಡಿಸಿ ತಲೆಬಾಗಿದೆ. ಇಬ್ಬರಿಗೂ ಸಮಾಧಾನವಾಯಿತು. ಹಾಸುವುದನ್ನು ನನಗೆ ಬಿಟ್ಟು ಅವನು ಹೂದಾನಿಗೆ ನೀರು ತರಲು, ಹೊರಗಿನ ಕೆಲಸ ನೋಡಲು ಹೋದ.

ಅಲ್ಲೂ ಬೆಂಚಿಲ್ಲ, ಎರಡೇ ಜಮಖಾನ. ನೋಡಿ ಊರಿಗೆ ಬಂದಷ್ಟು ಸಂತೋಷವಾಯಿತು. ಒಂದನ್ನು ಎಡಕ್ಕೆ ಹಾಸಿದೆ, ಒಂದನ್ನು ಬಲಕ್ಕೆ. ಅಂಚನ್ನು ಕಾಲಲ್ಲಿ ಒತ್ತಿ ಸುಕ್ಕು ಬಿಡಿಸಿದೆ. ನಡುವೆ ಅಗಲವಾದ ದಾರಿ, ಬಾಗಿಲಿಂದ ಬಲಿಪೀಠದವರೆಗೆ ನೂಲು ಹಿಡಿದಂತೆ ನೆಟ್ಟಗೆ. ನನ್ನ ಕೈ ಹಾಸಿದ್ದು ಅದಕ್ಕೆ ಗೊತ್ತಿದ್ದ ಹಾಗೆ. ಇಷ್ಟು ಒಪ್ಪವಾಗಿ ಅವರು ಯಾವತ್ತೂ ನೋಡಿರಲಿಕ್ಕಿಲ್ಲ ಅಂದುಕೊಂಡು ಸ್ನಾನಕ್ಕೆ ಹೋದೆ.

ನಾನೂ ಹನ್ನಳೂ ಬರುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು. ಜನ ಕೂತಿದ್ದರು. ಹನ್ನ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

“ಯಾರು ಇಂಗ್ ಆಸಿದ್ದು?”

ಆ ಸ್ವರ ಕೇಳಿ ನನಗೆ ತಿಳಿಯಿತು. ಅಂಗೈಗೆ ಅಂಗೈ. ಅಂಚಿಗೆ ಅಂಚು. ಒಂದು ವರ್ಷ ಮನೆಮನೆಗೆ ಹೋಗಿ, ಅಷ್ಟು ಕಾಫಿ ಕುಡಿದು ಅವರು ಕೇಳಿ ಒಪ್ಪಿಸಿದ್ದು ಇದನ್ನೇ: ಜಮಖಾನ ಎರಡನ್ನೂ ಕೂಡಿಸಿ ಹಾಸೋಣ, ನಡುವೆ ದಾರಿ ಬೇಡ, ಅವರವರ ಮನೆಯವರ ಜೊತೆ ಯಾರು ಎಲ್ಲಿ ಬೇಕಾದರೂ ಕೂರಲಿ. ಯಾವ ಕಡೆ ಎಂಬ ಪ್ರಶ್ನೆಯೇ ಇಲ್ಲದಿರಲಿ. ಅದರ ಮೊದಲ ಭಾನುವಾರ ಅದು. ನಾನು ಬೆಳಗಾಗೆದ್ದು ಹೋಗಿ ಅವೆರಡನ್ನೂ ಬೇರೆ ಮಾಡಿ, ಸುಕ್ಕಿಲ್ಲದಂತೆ ಹಾಸಿ ಬಂದಿದ್ದೆ.

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಹಳೆಯ ರೂಢಿಯಲ್ಲಿ ಕೂತುಬಿಟ್ಟಿದ್ದರು. ಪಾಸ್ಟರೇ ಮನಸ್ಸು ಬದಲಿಸಿದ್ದಾರೆ ಎಂದು ಕೆಲವರ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಡೇವಿಡ್ ತಲೆ ತಗ್ಗಿಸಿದ್ದ. ಪಾಸ್ಟರು ಒಳಕೋಣೆಯಿಂದ ಬಂದು ನೆಲ ನೋಡಿ ದಂಗಾಗಿ, ಯೇಸುಡಿಯಾನನನ್ನು ಕರೆದು ತಗ್ಗಿದ ದನಿಯಲ್ಲಿ ಕೇಳಿದರು. ಆ ಮುದುಕ ನನ್ನನ್ನು ನೋಡಿದ. ಆಮೇಲೆ ನೆಲ ನೋಡುತ್ತಾ, “ತಪ್ಪಾ ಪೋಚ್ಚು ಐಯಾ” ಅಂದ. ತಪ್ಪಾಗಿ ಹೋಯಿತು. ನನ್ನ ಹೆಸರು ಹೇಳಲಿಲ್ಲ.

ಬಲಗಡೆಯ ಅಂಚಿನಲ್ಲಿ ಸೆಲ್ವರಾಜರ ಹೆಂಡತಿ ಕೂತಿದ್ದರು. ಪರಸ್ಥಳದವಳು ಎಂಬ ಮರ್ಯಾದೆಗೆ ನನ್ನನ್ನು ಕಂಡು ಜರುಗಿದರು. “ವಾಂಗಕ್ಕಾ, ಇಂಗ ಉಕ್ಕಾರುಂಗ,” ಎಂದು ಜಮಖಾನ ತಟ್ಟಿ ಕರೆದರು. ಒಂದು ಮೊಳ ಜಾಗ. ಒಬ್ಬರಿಗೆ.

ಹನ್ನ ಚಪ್ಪಲಿಗಳ ನಡುವೆ ನಿಂತಿದ್ದಳು. ಅದೇ ಬಿಳಿ ಸೀರೆ. ನನ್ನತ್ತ ನೋಡಲಿಲ್ಲ. ಈ ಸಲ ನೋಡುವುದಿಲ್ಲ ಎಂದು ನಿರ್ಧರಿಸಿದವಳಂತೆ ಗೋಡೆ ನೋಡುತ್ತಿದ್ದಳು.

ನಿಜ ಬರೆಯುತ್ತೇನೆ. ನನ್ನ ಒಂದು ಕಾಲು ಜಮಖಾನದ ಮೇಲಿತ್ತು. ಕೂತುಬಿಡುತ್ತಿದ್ದೆನೋ ಏನೋ. ಕೂತು ಸೆರಗೆಳೆದುಕೊಂಡು ಕಣ್ಣು ಮುಚ್ಚುವುದು ನನಗೆ ಚೆನ್ನಾಗಿ ಗೊತ್ತು. ಹಾಸಿದವಳು ನಾನು ಎಂಬುದು ಆ ಮುದುಕನೊಬ್ಬನಿಗೆ ಗೊತ್ತು, ಅವನು ಹೇಳುವುದಿಲ್ಲ. ಸೆಲ್ವರಾಜ್ ಎಡಗಡೆಯಿಂದ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಕುಹಕ ಇರಲಿಲ್ಲ. ಏನು ಮಾಡುತ್ತಾಳೆ ಎಂದು ಅವರಿಗೂ ತಿಳಿಯದಂತಿತ್ತು.

ಮುಂದೆ ಏನಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಹನ್ನಳಿಗೆ ಆವತ್ತು ರೊಟ್ಟಿ ಸಿಕ್ಕಿತು, ದ್ರಾಕ್ಷಾರಸ ಸಿಕ್ಕಿತು, ಅವಳ ಹೆಸರು ಹಿಡಿದು ಪಾಸ್ಟರು ಕೊಟ್ಟರು. ಸೆಲ್ವರಾಜ್ ಆಡಿದ ಮಾತಿಗೆ ತಪ್ಪದೆ ಬಾಯಿ ಮುಚ್ಚಿದರು. ಬಾಯಿ ಮುಚ್ಚಿದರು ಅಷ್ಟೆ, ಇನ್ನೂ ಹನ್ನಳ ಜೊತೆ ಮಾತಾಡಿಲ್ಲ. ಕೆಲವು ಮನೆಯವರು ಬೇರೆ ಸಭೆಗೆ ಹೋಗುತ್ತಿದ್ದಾರಂತೆ. ಡೇವಿಡ್, ಮಣಿಯರ ಮನೆಯ ಪ್ರಾರ್ಥನೆ ಇನ್ನೂ ಆಗಿಲ್ಲ. ರಾಹೇಲಮ್ಮ ಮತ್ತೆ ಕಾಫಿ ಕುಡಿಯಲು ಹೊರಟಿದ್ದಾರೆ. ನಮ್ಮೂರ ದೇವಾಲಯದಲ್ಲಿ ನಾನು ಈಗಲೂ ಎರಡು ಜಮಖಾನ ಹಾಸುತ್ತೇನೆ. ಹಾಸುವಾಗ ಕೈ ತಡೆಯುತ್ತದೆ. ದೇವರು ಏನನ್ನುತ್ತಾನೆ, ಪಾಸ್ಟರು ಏನನ್ನುತ್ತಾರೆ, ಈ ಗಂಡು ಹೆಣ್ಣು ಎಂಬ ವಿಚಾರ ಹೇಗೆ, ನನಗೆ ಪೂರ್ತಿ ತಿಳಿದಿಲ್ಲ. ತಿಳಿದ ಮೇಲೆ ಜರುಗೋಣ ಎಂದು ಕಾದಿದ್ದೆ. ಅದೇ ತಪ್ಪು ಎನ್ನುವುದು ಮಾತ್ರ ತಿಳಿದಿದೆ.

ನಾನು ಜಮಖಾನದಿಂದ ಕಾಲು ತೆಗೆದೆ. ನಡುವಿನ ದಾರಿಗೆ ಬಂದು ಬರಿ ನೆಲದ ಮೇಲೆ ಕೂತೆ. ಮದುವಣಗಿತ್ತಿ ನಡೆಯುವ, ಹೆಣದ ಪೆಟ್ಟಿಗೆ ಇಳಿಸುವ ಜಾಗ ಅದು. ಅಲ್ಲಿ ಯಾರೂ ಕೂರುವುದಿಲ್ಲ. ಸಿಮೆಂಟು ತಣ್ಣಗಿತ್ತು. ಎಡಕ್ಕೂ ಬಲಕ್ಕೂ ಗುಸುಗುಸು ಎದ್ದಿತು. ನನಗೆ ತಮಿಳು ಬಾರದು, ಅದಕ್ಕೆ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ.

“ಯೇಸುಡಿಯಾನ್ ತಾತನ್ ತಪ್ಪಲ್ಲ. ಇಂಗ್ ಆಸಿದ್ದು ನಾನು. ನಮ್ಮೂರಾಗೂ ಇಂಗೇ ಆಸ್ತೀನಿ.”

ರಾಹೇಲಮ್ಮ ಎದ್ದು ನಿಂತು ಅದನ್ನು ತಮಿಳಿನಲ್ಲಿ ಹೇಳಿದರು. ನಾನು ಹಿಂದಕ್ಕೆ ತಿರುಗಿದೆ. ಮುಂದಿನ ಮಾತನ್ನು ರಾಹೇಲಮ್ಮ ಯಾರಿಗೂ ತಿರುಗಿಸಿ ಹೇಳಲಿಲ್ಲ. ಅದು ಸಭೆಗೆ ಆಡಿದ ಮಾತಾಗಿರಲಿಲ್ಲ.

“ಹನ್ನಾ, ಅವ್ವನ್ ಆರಾಧನೆ ದಿನ ನನ್ ಪಕ್ಕ ಜಾಗ ಇತ್ತು. ನಂಗ್ ಗೊತ್ತಿತ್ತು. ಗೊತ್ತಿದ್ದೂ ಜರುಗ್ಲಿಲ್ಲ. ತಪ್ಪಾಯ್ತು ಕಣವ್ವ, ನನ್ನ ಕ್ಷಮಿಸ್ಬುಡು. ಬಾ, ಕುಂತ್ಕೊ.”